ಹಳೇ ಗಾಡಿಯ ಟ್ಯಾಂಕ್ ಸೋರುತ್ತಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಎಕ್ಸ್ 100, ಚೇತಕ್, ಹಳೇ ಬುಲೆಟ್, ಮಾರುತಿ 800, ಮಹೀಂದ್ರಾ ಜೀಪು. ಹುಬ್ಬಳ್ಳಿ-ಧಾರವಾಡದಲ್ಲಿ ಇವನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡವರು ಕಡಿಮೆಯೇನಿಲ್ಲ. ಇಂಜಿನ್ ಮೇಲೆ ಜೀವ ಇಡುತ್ತಾರೆ, ಕಾರ್ಬೊರೇಟರ್ ತೊಳೆಸುತ್ತಾರೆ, ಟ್ಯಾಂಕ್ ಹೊರಗಿನ ಬಣ್ಣ ನೋಡಿ ಖುಷಿಪಡುತ್ತಾರೆ. ಒಳಗೆ ಇಣುಕುವುದು ತೊಟ್ಟಿಕ್ಕಲು ಶುರುವಾದ ಮೇಲೆಯೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

ಗಾಡಿ ಹತ್ರ ಪೆಟ್ರೋಲ್ ವಾಸನಿ ಬರತೈತ್ರಿ. ಟ್ಯಾಂಕ್ ತೂತಾಗೇತಿ ಅಂತ ತಿಳೀಬೇಕೇನು?

ಅವಸರ ಬೇಡ. ವಾಸನೆ ಬಂತು ಎಂದು ತಂದ ಬೈಕುಗಳಲ್ಲಿ ಎಷ್ಟೋ ಸಲ ಟ್ಯಾಂಕ್ ಗಟ್ಟಿಯಾಗಿಯೇ ಇರುತ್ತದೆ. ಕಾರ್ಬೊರೇಟರಿನ ಒಳಗಿನ ಫ್ಲೋಟ್ ಸೂಜಿಗೆ ಕಸ ಸಿಕ್ಕಿಕೊಂಡರೆ ಪೆಟ್ರೋಲ್ ತುಂಬಿ ಓವರ್‌ಫ್ಲೋ ಪೈಪಿನಿಂದ ಕೆಳಗೆ ಸುರಿಯುತ್ತದೆ. ಪೆಟ್ರೋಲ್ ಕಾಕ್‌ನ, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ-ನಿಲ್ಲಿಸುವ ನಲ್ಲಿಯ, ರಬ್ಬರ್ ವಾಷರ್ ಒಣಗಿ ಸೀಳಿರಬಹುದು. ಕ್ಲಿಪ್ ಕೂರುವ ಜಾಗದಲ್ಲಿ ಪೈಪ್ ಬಿರುಕು ಬಿಟ್ಟಿರಬಹುದು.

ಕಾಕ್ ಬಂದ್ ಮಾಡಿ, ಗಾಡಿಯನ್ನು ಬಯಲಲ್ಲಿ ನೆರಳಿಗೆ ನಿಲ್ಲಿಸಿ, ಕೆಳಗೆ ಹಳೇ ಪೇಪರ್ ಹಾಸಿ. ಒಂದೆರಡು ತಾಸಿನಲ್ಲಿ ಪೇಪರ್ ಒದ್ದೆಯಾಗದೆ ಉಳಿದರೆ ದೋಷ ಕಾಕ್‌ನಿಂದ ಮುಂದೆ, ಅಂದರೆ ಪೈಪ್ ಅಥವಾ ಕಾರ್ಬೊರೇಟರಿನಲ್ಲಿ. ಕಾಕ್ ಬಂದ್ ಇದ್ದೂ ಪೇಪರ್ ಒದ್ದೆಯಾದರೆ ಕಾಕ್ ಇಲ್ಲವೇ ಟ್ಯಾಂಕ್.

ಒಂದು ಮಾತು ಈಗಲೇ ಹೇಳಿಬಿಡಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರಾತ್ರಿ ಬೈಕನ್ನು ಪಡಸಾಲೆಗೆ ಏರಿಸುವ ರೂಢಿ. ಸೋರುವ ಗಾಡಿಯನ್ನು ಒಂದು ರಾತ್ರಿಯೂ ಒಳಗೆ ತರಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ದೇವರ ಮನೆಯ ದೀಪವೋ ಅಡುಗೆ ಮನೆಯ ಒಲೆಯೋ ಅದರ ದಾರಿಯಲ್ಲಿದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಟ್ಯಾಂಕೇ ಸೋರತೈತಿ. ಆದ್ರ ಎಲ್ಲಿಂದ ಅಂತ ಕಾಣವಲ್ದು.

ಹನಿ ಬೀಳುವ ಜಾಗ ಬೇರೆ, ತೂತು ಇರುವ ಜಾಗ ಬೇರೆ. ಪೆಟ್ರೋಲ್ ಜೋಡಣೆಯ ಅಂಚು ಹಿಡಿದು ಗೇಣುದ್ದ ಹರಿದು, ತಗ್ಗಿದ್ದಲ್ಲಿ ತೊಟ್ಟಿಕ್ಕುತ್ತದೆ. ಟ್ಯಾಂಕ್ ಇಳಿಸಿ, ಹೊರಗಿನ ಎಣ್ಣೆ-ಮಣ್ಣು ತೊಳೆದು ಒರೆಸಿ, ತಳಕ್ಕೆಲ್ಲ ಸೀಮೆಸುಣ್ಣ ತಿಕ್ಕಿ. ಸೀಮೆಸುಣ್ಣ ಇಲ್ಲದಿದ್ದರೆ ವಿಭೂತಿ ಗಟ್ಟಿಯೂ ನಡೆಯುತ್ತದೆ, ಶಿವ ಬೇಜಾರು ಮಾಡಿಕೊಳ್ಳಲಾರ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆ ಮೂಡುತ್ತದೆ. ಆ ಗೆರೆಯ ಮೇಲ್ತುದಿಯೇ ನಿಮ್ಮ ತೂತು.

ಬಣ್ಣ ಹಪ್ಪಳದಂತೆ ಉಬ್ಬಿದ ಜಾಗಗಳನ್ನೂ ಬಿಡಬೇಡಿ. ಟ್ಯಾಂಕ್ ಖಾಲಿಯಾದ ಮೇಲೆ ಅಲ್ಲಿ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ತಿಂದು ತೆಳುವಾದದ್ದು ಸಪ್ಪೆ ಸದ್ದು ಮಾಡಿ ಒಳಕ್ಕೆ ತಗ್ಗುತ್ತದೆ. ಇಂದು ಸೋರುವ ತೂತು ಒಂದೇ ಇರಬಹುದು. ನಾಳೆ ಸೋರಲಿರುವವು ಸೀಮೆಸುಣ್ಣಕ್ಕೆ ಸಿಗುವುದಿಲ್ಲ, ಈ ತಟ್ಟುವಿಕೆಗೆ ಸಿಗುತ್ತವೆ.

ಟ್ಯಾಂಕ್ ಫುಲ್ ಮಾಡಿಸಿದಾಗ ಅಷ್ಟ ಸೋರತೈತಿ. ಅರ್ಧ ಇದ್ರ ಏನೂ ಇಲ್ಲ.

ಅಂದರೆ ಮೇಲ್ಭಾಗದ ದೋಷ: ಮುಚ್ಚಳದ ರಬ್ಬರ್, ಮುಚ್ಚಳ ಕೂರುವ ಬಾಯಿಯ ಬೆಸುಗೆ, ಕಾರಿನಲ್ಲಾದರೆ ಪೆಟ್ರೋಲ್ ಮಟ್ಟ ತೋರಿಸುವ ಗೇಜ್ ಕೂರುವ ಪ್ಯಾಕಿಂಗ್. ಬಹಳ ಸಲ ಅದೂ ಅಲ್ಲ, ಬರೀ ಬಿಸಿಲು. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಕಾಯ್ದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಗದಗಿನ ಬಿಸಿಲಿಗೆ ಕಂಠಪೂರ್ತಿ ತುಂಬಿಸಿ ನಿಲ್ಲಿಸಿದರೆ ಆ ಒಂದು ಲೋಟ ಎಲ್ಲಿಗೆ ಹೋಗಬೇಕು? ಮುಚ್ಚಳದಿಂದ ಹೊರಗೆ. ಎರಡು ಬೆರಳು ಜಾಗ ಬಿಡಿಸಿ.

ಹೊರಗ ಪೇಂಟ್ ಛಲೋ ಐತಿ. ಒಳಗ ಹೆಂಗ ತುಕ್ಕು ಹಿಡೀತು?

ನೀರಿನಿಂದ. ಟ್ಯಾಂಕ್ ಅರ್ಧ ಖಾಲಿ ಇದ್ದಾಗ ಮೇಲಿನ ಅರ್ಧದಲ್ಲಿ ಗಾಳಿ ಇರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಆ ಗಾಳಿಯ ತೇವ ರಾತ್ರಿ ತಗಡಿಗೆ ತಾಗಿ ಹನಿಯಾಗುತ್ತದೆ. ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ನಿಂತ ಮಳೆನೀರು ಸವೆದ ರಬ್ಬರಿನ ಸಂದಿನಿಂದ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಆದ್ದರಿಂದಲೇ ಬೈಕಿನ ಟ್ಯಾಂಕ್ ಹೆಚ್ಚಾಗಿ ತಳದಿಂದ, ಒಳಗಿನಿಂದ ಹೊರಗೆ ತೂತಾಗುತ್ತದೆ.

ಬೈಕಿನ ಟ್ಯಾಂಕ್ ಚೌಕಟ್ಟಿನ ಮೇಲೆ ಕಾಲು ಚೆಲ್ಲಿ ಕೂತ ಹಾಗೆ ಇರುತ್ತದಲ್ಲ, ನಡುವೆ ಉಬ್ಬು, ಎರಡೂ ಬದಿ ತಗ್ಗು. ಸಾಮಾನ್ಯವಾಗಿ ಕಾಕ್ ಇರುವುದು ಒಂದೇ ಬದಿಗೆ. ಇನ್ನೊಂದು ಬದಿಯ ತಗ್ಗಿನಲ್ಲಿ ಸೇರಿದ ನೀರು ಕಾಕ್ ಬಿಚ್ಚಿದರೂ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತದೆ. ತೂತು ಹುಡುಕುವವರು ಮೊದಲು ಆ ಬದಿ ನೋಡಲಿ.

ಜೀಪು-ಕಾರುಗಳ ಕಥೆ ಸ್ವಲ್ಪ ಬೇರೆ. ನವಲಗುಂದ, ಗದಗ ಕಡೆಯ ಎರಿ ಮಣ್ಣು ಗಾಡಿ ಕೆಳಗೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡದು. ಟ್ಯಾಂಕ್ ಹಿಡಿದಿಟ್ಟ ಪಟ್ಟಿಯ ಸಂದಿನಲ್ಲಿ ಕೂತು, ಮಳೆಗಾಲ ಮುಗಿದ ಮೇಲೂ ತೇವ ಹಿಡಿದಿಟ್ಟುಕೊಂಡು ಹೊರಗಿನಿಂದ ತಿನ್ನುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಪಟ್ಟಿಯ ಮೇಲಿನಿಂದಲೂ ನೀರು ಹಾಯಿಸಲು ಹೇಳಿ.

ಎಥನಾಲ್ ಬಂದಮ್ಯಾಲೆ ಟ್ಯಾಂಕ್ ಹಾಳಾಗಾಕತ್ತಾವು ಅಂತಾರ. ಖರೇನ?

ಪೂರ್ತಿ ಖರೆ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಎಥನಾಲ್ ಬೆರೆಸುವ ಯೋಜನೆ ದೇಶದಲ್ಲಿ ಶುರುವಾದದ್ದು 2003ರಲ್ಲಿ. 20 ಪ್ರತಿಶತ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಿಂದ ಬಂಕುಗಳಿಗೆ ಬರತೊಡಗಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಪೆಟ್ರೋಲಿನ ಜೊತೆ ಬೆರೆಸಿ ಇಂಜಿನ್ನಿಗೆ ಒಯ್ದು ಸುಟ್ಟು ಹಾಕುತ್ತದೆ, ಅದು ಒಳ್ಳೆಯದೇ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ದಿನಾ ಓಡುವ ಗಾಡಿಗೆ ಇದರ ಕಾಟ ಕಡಿಮೆ. ದಸರೆಗೊಮ್ಮೆ ತೊಳೆದು ಪೂಜೆ ಮಾಡಿ ಮತ್ತೆ ನಿಲ್ಲಿಸುವ ಗಾಡಿಗೆ ಜಾಸ್ತಿ.

ಹಳೇ ಗಾಡಿಯಲ್ಲಿ ತಗಡಿಗಿಂತ ಮೊದಲು ಸೋಲುವುದು ರಬ್ಬರ್. ಪೈಪ್, ಕಾಕ್ ವಾಷರ್, ಮುಚ್ಚಳದ ಪ್ಯಾಕಿಂಗ್ ಉಬ್ಬುತ್ತವೆ ಇಲ್ಲವೇ ಬಿರುಕು ಬಿಡುತ್ತವೆ. ಟ್ಯಾಂಕ್ ಇಳಿಸಿದಾಗ ಇವನ್ನೆಲ್ಲ ಹೊಸದಾಗಿ ಹಾಕಿಸಿ, ದೊಡ್ಡ ಖರ್ಚಲ್ಲ.

ದಾರ್ಯಾಗ ಸೋರಾಕ ಹತ್ತಿತು. ಮನಿ ಮುಟ್ಟೋದು ಹೆಂಗ?

ಹಾವೇರಿಯಿಂದ ಬರುವಾಗ ಬಂಕಾಪುರದ ಹತ್ತಿರವೋ ಗದಗಿನಿಂದ ಬರುವಾಗ ಅಣ್ಣಿಗೇರಿಯ ಹತ್ತಿರವೋ ಇದಾದರೆ, ಕಿರಾಣಿ ಅಂಗಡಿಯಲ್ಲಿ ಬಟ್ಟೆ ಸೋಪಿನ ಬಾರ್ ಕೊಳ್ಳಿ. ಇಂಜಿನ್ ಆರಲಿ. ಸೋರುವ ಜಾಗವನ್ನು ಒರೆಸಿ, ಒಣ ಸೋಪನ್ನು ಬಿರುಕಿನೊಳಕ್ಕೆ ಒತ್ತಿ ಒತ್ತಿ ತಿಕ್ಕಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಮಳೆ ಬಂದರೆ ಈ ಉಪಾಯ ಮುಗಿದಂತೆ.

ಇದು ಹನಿ ಹನಿ ತೊಟ್ಟಿಕ್ಕುವುದಕ್ಕೆ ಮಾತ್ರ. ಧಾರೆಯಾಗಿ ಸುರಿಯುತ್ತಿದ್ದರೆ, ಅಥವಾ ಹನಿ ಸೈಲೆನ್ಸರ್ ಮೇಲೆ ಬೀಳುತ್ತಿದ್ದರೆ ಗಾಡಿ ಓಡಿಸಲೇ ಕೂಡದು. ಟೆಂಪೋಕ್ಕೆ ಹಾಕಿಸಿ.

ಎಂ-ಸೀಲ್ ಹಚ್ಚಿದ್ರ ಸಾಕಲ್ಲ?

ಕೆಲವು ದಿನಕ್ಕೆ ಸಾಕು. ಒದ್ದೆ ಇದ್ದಾಗ ಹಚ್ಚಿದರೆ ಅದೂ ಇಲ್ಲ. ಇಂಥ ಎಪಾಕ್ಸಿ ಹಿಡಿಯಬೇಕಾದರೆ ಬಣ್ಣ ಕೆರೆದು ತಗಡು ಹೊಳೆಯಬೇಕು, ಪೆಟ್ರೋಲ್ ಒಂದು ಹನಿಯೂ ಬರುತ್ತಿರಬಾರದು. ಚೆನ್ನಾಗಿ ಹಿಡಿದರೂ ಒಳಗಿನ ತುಕ್ಕು ನಿಲ್ಲುವುದಿಲ್ಲ. ತೇಪೆಯ ಪಕ್ಕದಲ್ಲಿ ಇನ್ನೊಂದು ತೂತು ಬೀಳುತ್ತದೆ. ಆಮೇಲೆ ಬೆಸುಗೆಗೆ ಕೊಟ್ಟಾಗ ಆ ಅಂಟನ್ನೆಲ್ಲ ಕೆರೆದು ತೆಗೆಯುವ ಕೆಲಸ ಬೇರೆ.

ಟ್ಯಾಂಕ್ ಖಾಲಿ ಮಾಡಿ ಎರಡು ದಿನ ಬಿಸಲಾಗ ಇಟ್ಟೇನ್ರಿ. ಈಗ ವೆಲ್ಡಿಂಗ್ ಮಾಡಿಸಬಹುದಲ್ಲ?

ಬೇಡ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸುಡುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಆವಿ 1.4ರಿಂದ 7.6 ಪ್ರತಿಶತದವರೆಗೆ ಬೆರೆತಾಗ ಒಂದು ಕಿಡಿ ಸಾಕು, ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಖಾಲಿ ಟ್ಯಾಂಕಿನಲ್ಲಿ ಗಾಳಿಯೂ ಇದೆ, ಆವಿಯೂ ಇದೆ. ಅಂದರೆ ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ಲೆಕ್ಕ ಹಾಕಿದರೆ, 13 ಲೀಟರಿನ ಬೈಕ್ ಟ್ಯಾಂಕಿನೊಳಗೆ ಸಿಡಿಯುವಷ್ಟು ಆವಿಯಾಗಲು ಒಂದು ಮಿಲಿಲೀಟರ್ ಆಸುಪಾಸು ಪೆಟ್ರೋಲ್ ಸಾಕು. ಅಷ್ಟು ಪೆಟ್ರೋಲ್ ತುಕ್ಕಿನ ಪದರದಲ್ಲಿ, ಮಡಚಿದ ಅಂಚಿನ ಸಂದಿನಲ್ಲಿ ಯಾವಾಗಲೂ ಅಡಗಿರುತ್ತದೆ.

ಬಿಸಿಲಿಗಿಟ್ಟರೆ ಹೋಗುವುದಿಲ್ಲವೇ ಎಂದರೆ, ಬಾಯಿ ಮೇಲೆ ಮಾಡಿ ಇಟ್ಟ ಟ್ಯಾಂಕಿನಿಂದ ಗಾಳಿಗಿಂತ ಭಾರವಾದ ಆವಿ ತಾನಾಗಿ ಏರಿ ಹೊರಬೀಳುವುದಿಲ್ಲ. ಮೂಗಿಗೆ ವಾಸನೆ ಇಲ್ಲ ಎನ್ನುವುದೂ ಭರವಸೆಯಲ್ಲ. ತಳದಲ್ಲಿ ಗಟ್ಟಿಯಾದ ಕಂದು ಅಂಟು ತಣ್ಣಗಿದ್ದಾಗ ಸುಮ್ಮನಿದ್ದು, ವೆಲ್ಡಿಂಗ್ ಕಾವು ತಾಗಿದ ಕೂಡಲೇ ಹೊಸದಾಗಿ ಆವಿ ಬಿಡುತ್ತದೆ. ಮೊದಲ ಟಾಕಾ ಹಾಕಿದಾಗ ಏನೂ ಆಗದೆ, ಮೂರನೆಯದಕ್ಕೆ ಟ್ಯಾಂಕ್ ಹಾರುವುದು ಹೀಗೆ.

ಹಂಗಾದ್ರ ಅಂಗಡಿಯಾಗ ಅವ್ರು ಹೆಂಗ ಮಾಡ್ತಾರ?

ತಿಳಿದವರು ಕಾಕ್, ಮುಚ್ಚಳ, ಗೇಜ್ ಎಲ್ಲ ಬಿಚ್ಚಿ, ಸೋಪು ಇಲ್ಲವೇ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಿಂದ ಹಲವು ಸಲ ಕುಲುಕಿ ತೊಳೆಯುತ್ತಾರೆ. ಆಮೇಲೆ ಬೆಸುಗೆಯ ಜಾಗ ಮೇಲೆ ಬರುವಂತೆ ಟ್ಯಾಂಕನ್ನು ತಿರುಗಿಸಿ, ಆ ಜಾಗದ ಸ್ವಲ್ಪ ಕೆಳಗಿನವರೆಗೆ ನೀರು ತುಂಬುತ್ತಾರೆ. ಆವಿ ಕೂರಲು ಉಳಿಯುವ ಜಾಗ ಅಂಗೈಯಷ್ಟು. ಬಾಯಿ ತೆರೆದೇ ಇರಬೇಕು, ನೀರು ಕಾಯ್ದು ಹಬೆಯಾದರೆ ಹೊರಗೆ ಹೋಗಲು ದಾರಿ ಬೇಕು. ದೊಡ್ಡ ಕೆಲಸಗಾರರು ಉಳಿದ ಜಾಗಕ್ಕೂ ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ.

ಗೋಕುಲ ರೋಡ್, ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಆದರೆ ಗೇಟು-ಗ್ರಿಲ್ ಮಾಡುವ ಕೈ ಬೇರೆ, ಟ್ಯಾಂಕ್ ಕೆಲಸದ ಕೈ ಬೇರೆ. ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಮೊದಲ ಏನ್ ಮಾಡ್ತೀರಿ?" ತೊಳೆಯುವ, ನೀರು ತುಂಬುವ ಮಾತು ಅವರ ಬಾಯಿಂದ ತಾನಾಗಿ ಬಂದರೆ ಕೊಡಿ. "ಏನ್ ಆಗೂದಿಲ್ಲ ಬಿಡ್ರಿ, ಭಾಳ ಮಾಡೇನಿ" ಎಂದರೆ ಟ್ಯಾಂಕ್ ಎತ್ತಿಕೊಂಡು ನಮಸ್ಕಾರ ಹೇಳಿ.

ಬೇರೆ ಗಾಡಿಯ ಸೈಲೆನ್ಸರ್ ಹೊಗೆ ಬಿಟ್ಟು ಆವಿ ಓಡಿಸುವ ಪದ್ಧತಿ ಕೆಲವು ಕಡೆ ಇದೆ. ಆ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ಕಿಡಿ ಇದೆಯೋ ಇಲ್ಲವೋ, ಯಾರಿಗೂ ಗೊತ್ತಾಗುವುದಿಲ್ಲ. ನಂಬಬೇಡಿ.

ಬೆಸುಗಿ, ಬ್ರೇಸಿಂಗ್, ವೆಲ್ಡಿಂಗ್, ಯಾವುದು ಛಲೋ?

ಸೂಜಿ ಮೊನೆಯಷ್ಟು ತೂತಿಗೆ, ಸಣ್ಣ ಸೀಳಿಗೆ ತವರ-ಸೀಸದ ಬೆಸುಗೆಯೇ ನಮ್ಮ ಆಯ್ಕೆ. 200 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ತೆಳು ತಗಡು ಸುಡುವುದಿಲ್ಲ, ಬಣ್ಣವೂ ಹೆಚ್ಚು ಹಾಳಾಗುವುದಿಲ್ಲ. ಕಲಾಯಿ ಹಾಕುವವರು ಬಳಸುವ ನವಸಾಗರವೇ ಇಲ್ಲೂ ಕೆಲಸಕ್ಕೆ ಬರುತ್ತದೆ, ಮೇಲ್ಮೈ ಸ್ವಚ್ಛವಾದರೆ ಮಾತ್ರ ತವರ ಹಿಡಿಯುತ್ತದೆ. ಬೆಸುಗೆ ಹಾಕುವ ತಾಮ್ರದ ಐರನ್ನನ್ನು ದೂರದಲ್ಲಿ ಕಾಯಿಸಿ ತರಬೇಕು, ಟ್ಯಾಂಕಿನ ಹತ್ತಿರ ಉರಿ ಇರಬಾರದು. ಹಾಗೆಂದು ತೊಳೆಯುವುದನ್ನು ಬಿಡುವಂತಿಲ್ಲ. ಪೆಟ್ರೋಲ್ ಆವಿ 250 ಡಿಗ್ರಿ ಮೇಲಕ್ಕೆ ಹೋದರೆ ಕಿಡಿಯಿಲ್ಲದೆಯೂ ಹೊತ್ತಬಹುದು, ಕಾಯ್ದ ಐರನ್ ಅದಕ್ಕಿಂತ ಬಿಸಿ. ಕೆಲಸ ಮುಗಿದ ಮೇಲೆ ನವಸಾಗರದ ಉಳಿಕೆ ತೊಳೆಯದಿದ್ದರೆ ಬೆಸುಗೆಯ ಸುತ್ತ ಹೊಸ ತುಕ್ಕು.

ಕಂಪನದಿಂದ ಸೀಳಿದ ಜಾಗಕ್ಕೆ, ಅಂದರೆ ಬೋಲ್ಟ್ ಕೂರುವ ಕಿವಿಯ ಬುಡಕ್ಕೆ, ತವರ ತಾಳುವುದಿಲ್ಲ. ಅಲ್ಲಿ ಹಿತ್ತಾಳೆ ಕರಗಿಸಿ ಕೂಡಿಸುವ ಬ್ರೇಸಿಂಗ್ ಬೇಕು. ಹಳೇ ಬುಲೆಟ್‌ಗಳಲ್ಲಿ ಇದು ಮಾಮೂಲು. ತಳ ಅಂಗೈಯಗಲ ಕೊಳೆತಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ಹಾಕಿ ಟಿಗ್ ವೆಲ್ಡಿಂಗ್ ಮಾಡಿಸಬೇಕು. ತೆಳುವಾದ ತಗಡಿಗೆ ಸಾದಾ ಆರ್ಕ್ ವೆಲ್ಡಿಂಗ್ ಹಿಡಿಸಿದರೆ ಒಂದು ತೂತು ಮುಚ್ಚಲು ಹೋಗಿ ಮೂರು ಬೀಳುತ್ತವೆ.

ಒಳಗಿನ ತುಕ್ಕು ತೆಗೆಯೋದು ಹೆಂಗ? ಹುಣಸಿಹಣ್ಣು ನಡೀತೈತೇನು?

ಹುಣಸೆಹಣ್ಣು ತಾಮ್ರದ ಕೊಡಕ್ಕೆ ಸರಿ. ಟ್ಯಾಂಕಿನೊಳಗೆ ಅದರ ನಾರು ಉಳಿದು ಕಾಕ್ ಕಟ್ಟಿಕೊಳ್ಳುತ್ತದೆ.

ಸಿಟ್ರಿಕ್ ಆಸಿಡ್ ಹರಳು ತನ್ನಿ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ. ಮೊದಲು ಸೋಪು ನೀರಿನಿಂದ ಪೆಟ್ರೋಲ್ ಜಿಡ್ಡು ಪೂರ್ತಿ ಹೋಗಬೇಕು, ಜಿಡ್ಡಿದ್ದರೆ ಆಸಿಡ್ ತುಕ್ಕಿಗೆ ಮುಟ್ಟುವುದೇ ಇಲ್ಲ. ದಪ್ಪ ಪದರವಿದ್ದರೆ ಒಂದು ಮುಷ್ಟಿ ಹಳೇ ನಟ್ಟುಗಳನ್ನು ಎಣಿಸಿ ಹಾಕಿ ಕುಲುಕಿ. ಎಣಿಸಿ ಎಂದದ್ದು ಸುಮ್ಮನೆ ಅಲ್ಲ, ಒಂದು ಒಳಗೇ ಉಳಿದರೆ ಜೀವಮಾನವಿಡೀ ಗಲಗಲ ಎನ್ನುತ್ತದೆ. ಆಮೇಲೆ ದ್ರಾವಣ ತುಂಬಿ ರಾತ್ರಿಯಿಡೀ ಬಿಡಿ. ಬಾಯಿ ಬಿಗಿಯಾಗಿ ಮುಚ್ಚಬೇಡಿ, ಅನಿಲ ಹುಟ್ಟುತ್ತದೆ. ಬೆಳಿಗ್ಗೆ ಕಂದು-ಹಸಿರು ನೀರು ಹೊರಬಿದ್ದು ತಗಡು ಬೂದು ಬಣ್ಣಕ್ಕೆ ಬಂದಿರುತ್ತದೆ.

ನಿಜವಾದ ಅವಸರ ಈಗ. ಅಡುಗೆ ಸೋಡಾ ನೀರಿನಿಂದ ತೊಳೆದು, ಸ್ವಚ್ಛ ನೀರು ಹಾಯಿಸಿ, ಕೂಡಲೇ ಬಿಸಿಗಾಳಿ ಹಿಡಿದು ಒಣಗಿಸಬೇಕು. ಚಹಾ ಕುಡಿದು ಬರುತ್ತೇನೆ ಎಂದರೆ ಬರುವಷ್ಟರಲ್ಲಿ ಒಳಗೆಲ್ಲ ಕೇಸರಿ ಬಣ್ಣದ ಹೊಸ ತುಕ್ಕು ಹರಡಿರುತ್ತದೆ.

ಸಂಡಾಸ ತೊಳೆಯುವ ಆಸಿಡ್ ಬೇಡವೇ ಬೇಡ. ತುಕ್ಕಿನ ಜೊತೆ ಒಳ್ಳೆಯ ತಗಡನ್ನೂ ತಿನ್ನುತ್ತದೆ.

ಇನ್ನೊಂದು ವಿಷಯಕ್ಕೆ ತಯಾರಿರಿ. ತುಕ್ಕು ತೆಗೆದ ಮೇಲೆ ಒಂದೇ ಇದ್ದ ತೂತು ಐದಾಗಬಹುದು. ಅವು ಮೊದಲೇ ಇದ್ದವು, ತುಕ್ಕೇ ಬಿರಡೆಯಾಗಿ ನಿಂತಿತ್ತು. ಆದ್ದರಿಂದ ತುಕ್ಕು ಮೊದಲು, ಬೆಸುಗೆ ಆಮೇಲೆ. ಉಲ್ಟಾ ಮಾಡಿದರೆ ಎರಡು ಸಲ ದುಡ್ಡು.

ಒಳಗ ಕೋಟಿಂಗ್ ಹಾಕಿಸೋದು ಬೇಕಾ?

ಬೆಸುಗೆ ಗಟ್ಟಿಯಾಗಿ, ತುಕ್ಕು ಪೂರ್ತಿ ಹೋಗಿದ್ದರೆ ಒಳ್ಳೆಯದು. ಸೋರುವುದನ್ನು ನಿಲ್ಲಿಸಲು ಎಂದು ಹಾಕಿಸುವುದಾದರೆ ಬೇಡ. ಎಥನಾಲ್ ತಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನೇ ಕೊಳ್ಳಿ. ತಾಳದ ಲೇಪ ವರ್ಷದೊಳಗೆ ಸುಲಿದು, ಚೂರುಗಳಾಗಿ ಕಾರ್ಬೊರೇಟರಿಗೆ ಇಳಿಯುತ್ತದೆ. ಹಾಕುವಾಗ ಕಾಕ್‌ನ ತೂತು, ಅದರ ತಿರುಪಿನ ಗೆರೆಗಳು ಮುಚ್ಚದಂತೆ ನೋಡಿ. ಮುಚ್ಚಳದಲ್ಲಿರುವ ಸಣ್ಣ ಗಾಳಿ ತೂತಿಗೂ ಇದೇ ಮಾತು. ಅದು ಕಟ್ಟಿದರೆ ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಮುಚ್ಚಳ ತೆರೆದರೆ ಸುಂಯ್ ಎಂದು ಮತ್ತೆ ಚಾಲೂ ಆಗುತ್ತದೆ. ಜನ ಕಾರ್ಬೊರೇಟರ್ ಬಿಚ್ಚುತ್ತಾ ಕೂರುತ್ತಾರೆ.

ರಿಪೇರಿ ಸರಿ ಆಗೇತಿ ಅಂತ ನೋಡೋದು ಹೆಂಗ?

ಬಣ್ಣ ಬಳಿಯುವ ಮುಂಚೆ ನೋಡಿ. ಬಾಯಿ, ಕಾಕ್ ಮುಚ್ಚಿ, ಒಂದು ಪೈಪಿನಿಂದ ಮೆಲ್ಲಗೆ ಗಾಳಿ ತುಂಬಿ, ಹೊರಗೆಲ್ಲ ಸೋಪು ನೊರೆ ಹಚ್ಚಿ. ಗುಳ್ಳೆ ಬಂದಲ್ಲಿ ಸೋರಿಕೆ. ಗಾಳಿ ಎರಡು-ಮೂರು ಪಿಎಸ್‌ಐ ಸಾಕು, ಸೈಕಲ್ ಪಂಪಿನ ಮೆಲ್ಲನೆಯ ಒತ್ತು ಅಷ್ಟೇ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರ ಕೊಟ್ಟರೆ ಟ್ಯಾಂಕ್ ಉಬ್ಬಿ ಚೌಕಟ್ಟಿನ ಮೇಲೆ ಕೂರದಂತಾಗುತ್ತದೆ.

ಟ್ರ್ಯಾಕ್ಟರ್ ಟ್ಯಾಂಕ್. ಡೀಸೆಲ್ ಅಲ್ರಿ, ಅದು ಹತ್ತೂದಿಲ್ಲಲ್ಲ?

ತಣ್ಣಗಿದ್ದಾಗ ಸುಲಭಕ್ಕೆ ಹತ್ತುವುದಿಲ್ಲ, ಅಷ್ಟು ನಿಜ. ವೆಲ್ಡಿಂಗ್ ಕಾವಿಗೆ ಡೀಸೆಲ್ ಆವಿಯಾಗಿ ಪೆಟ್ರೋಲಿನಷ್ಟೇ ಜೋರಾಗಿ ಸಿಡಿಯುತ್ತದೆ. ಈ ನಂಬಿಕೆಯಿಂದಲೇ ತೊಳೆಯದೆ ಕೆಲಸಕ್ಕೆ ಕೂರುತ್ತಾರೆ. ಡೀಸೆಲ್ ಜಿಡ್ಡು ಬೇಗ ಬಿಡುವುದೂ ಇಲ್ಲ, ಬಿಸಿನೀರಿನಲ್ಲಿ ಇನ್ನೂ ಎರಡು ಸಲ ಹೆಚ್ಚು ತೊಳೆಯಿರಿ.

ಪ್ಲಾಸ್ಟಿಕ್ ಟ್ಯಾಂಕ್ ಇದ್ರ?

ಬದಲಿಸಿ.

ರಿಪೇರಿ ಬಿಟ್ಟು ಬ್ಯಾರೆ ಟ್ಯಾಂಕ್ ಹಾಕಿಸೋದು ಯಾವಾಗ?

ತಳ ತಟ್ಟಿದಾಗ ಎಲ್ಲ ಕಡೆ ಸಪ್ಪೆ ಸದ್ದು ಬಂದರೆ. ಹೊಸದು ಸಿಗುವ ಮಾದರಿಯಾದರೆ ಯೋಚಿಸುವುದೇ ಬೇಡ. ಗುಜರಿಯಲ್ಲಿ ಹುಡುಕುವುದಾದರೆ ಹೊಸ ಬಣ್ಣ ಹೊಡೆದದ್ದನ್ನು ಅನುಮಾನದಿಂದ ನೋಡಿ, ಬಣ್ಣ ಹೋದದ್ದನ್ನು ಪ್ರೀತಿಯಿಂದ ನೋಡಿ. ಮೊಬೈಲ್ ಟಾರ್ಚ್ ಹಿಡಿದು ಬಾಯಿಯಿಂದ ತಳ ನೋಡಿ, ಅಂಗಡಿಯವರ ಒಪ್ಪಿಗೆ ಪಡೆದು ನೀರು ತುಂಬಿಸಿ ಹತ್ತು ನಿಮಿಷ ಇಡಿ. ಇದಕ್ಕೆ ಒಪ್ಪದವರ ಮಾಲು ಹೇಗಿದೆ ಎಂದು ನಿಮಗೇ ತಿಳಿಯುತ್ತದೆ.

ಕೆಲಸ ಮಾಡುವಾಗ ಬೆಂಕಿ ಹತ್ತಿದ್ರ?

ನೀರು ಹಾಕಬೇಡಿ, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಮರಳು ಅಥವಾ ಬೆಂಕಿ ಆರಿಸುವ ಒಣ ಪುಡಿಯ ಸಿಲಿಂಡರ್ ಬಳಸಿ. ಅವೆರಡೂ ಕೆಲಸ ಶುರುವಾಗುವ ಮುಂಚೆಯೇ ಕೈಗೆ ಸಿಗುವಂತಿರಬೇಕು. ಕೈಮೀರಿತು ಅನ್ನಿಸಿದರೆ ಟ್ಯಾಂಕ್ ಆಸೆ ಬಿಟ್ಟು ದೂರ ಓಡಿ 112ಕ್ಕೆ ಫೋನ್ ಮಾಡಿ.

ಟ್ಯಾಂಕಿನಿಂದ ತಗದ ಪೆಟ್ರೋಲ್ ಏನ್ ಮಾಡೋದು?

ತಗಡಿನ ಡಬ್ಬಿಗೆ ಬಸಿದು, ಮುಚ್ಚಿ, ಮನೆಯ ಹೊರಗೆ ನೆರಳಲ್ಲಿ ಇಡಿ. ನೀರಿನ ಬಾಟಲಿಗೆ ಹಾಕಬೇಡಿ, ಮಕ್ಕಳು ನೀರೆಂದು ಎತ್ತಿದ್ದಾರೆ. ಲೈಸೆನ್ಸ್ ಇಲ್ಲದೆ ಸ್ವಂತಕ್ಕೆ 30 ಲೀಟರ್ ವರೆಗೆ ಇಡಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಮನೆಯಲ್ಲಿ ಎರಡು ಲೀಟರೂ ಹೆಚ್ಚೇ. ಒಂದು ದಿನ ಕದಲಿಸದೆ ಬಿಟ್ಟರೆ ನೀರು-ಕಸ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಗ್ಯಾರೇಜಿನವರು ಚೈನು, ಬಿಡಿಭಾಗ ತೊಳೆಯಲು ಖುಷಿಯಿಂದ ಒಯ್ಯುತ್ತಾರೆ. ತಳದ ಗಸಿಯನ್ನೂ ಅವರ ಹಳೇ ಆಯಿಲ್ ಡ್ರಮ್ಮಿಗೇ ಹಾಕಲು ಕೇಳಿ. ಗಟಾರಕ್ಕೆ ಸುರಿದರೆ ಆವಿ ಚರಂಡಿಯೊಳಗೇ ಹರಿದು ಓಣಿಯ ಇನ್ನೊಂದು ತುದಿಯ ಬೀಡಿಗೆ ಸಿಗಬಹುದು, ಉಳಿದದ್ದು ಉಣಕಲ್ ನಾಲೆಗೆ ಸೇರುತ್ತದೆ.